ಮೈಲಾಪುರದ ಬಂಡೆ, ಮೈಲಾಪುರದ ಗವಿ

ಯಾದಗಿರಿ ತಾಲ್ಲೂಕಿನ ಬಳಿಚಕ್ರದ ಸೀಮೆಯಲ್ಲಿ ಗವಿ ನೋಡಬೇಕೆಂದರೆ ಮೈಲಾಪುರಕ್ಕೇ ಹೋಗಬೇಕು. ಅಲ್ಲಿ ಬೆಟ್ಟದ ಗವಿಯೇ ಮೈಲಾರಲಿಂಗೇಶ್ವರನ ಗುಡಿ.

ಎಲ್ಲ ಗವಿಗಳೂ ಒಂದೇ ಬಗೆಯಲ್ಲಿ ಆದವಲ್ಲ. ಆಂಧ್ರದ ಬೇಲಂ ಗುಹೆಯನ್ನು ಕೊರೆದದ್ದು ನೀರು. ಅಲ್ಲಿಯದು ಸುಣ್ಣಕಲ್ಲು, ಕರಗುತ್ತದೆ. ಈ ಭಾಗದ್ದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಹಾಗೆ ಕರಗುವ ಜಾತಿಯದಲ್ಲ. ಬಿರುಕಿಗೆ ಇಳಿದ ಮಳೆನೀರು ಕಲ್ಲಿನ ಅಂಚುಗಳನ್ನು ಸವೆಸುತ್ತದೆ, ಪುಡಿಯಾದದ್ದು ಕೊಚ್ಚಿಹೋಗುತ್ತದೆ, ಉಳಿದ ಗುಂಡುಗಳು ಒಂದರ ಮೇಲೊಂದು ಒರಗಿ ನಿಲ್ಲುತ್ತವೆ. ಅವುಗಳ ಸಂದೇ ಇಲ್ಲಿನ ಗವಿ. ಸುಣ್ಣ, ಗಾರೆ ಒಂದೂ ಇಲ್ಲದೆ ಅಷ್ಟು ಭಾರ ನಿಂತಿದೆಯಲ್ಲ, ಆ ಕೆಲಸಗಾರಿಕೆಗೆ ನಾನು ಮನಸೋತಿದ್ದೇನೆ! ಬೇಸಿಗೆಯಲ್ಲಿ ಬಂಡೆಯ ನೆತ್ತಿ ಹೆಂಚಿನಂತೆ ಕಾದಿರುತ್ತದೆ. ನೆರಳಿನ ಮಗ್ಗುಲಿಗೆ ಅಂಗೈ ಒತ್ತಿದರೆ ತಣ್ಣಗೆ, ಹರಳು ಹರಳಾಗಿ ತಾಕುತ್ತದೆ.

ಸಂಕ್ರಾಂತಿಯ ಜಾತ್ರೆಗೆ ಬೆಟ್ಟವೆಲ್ಲ ಭಂಡಾರದ, ಅಂದರೆ ಅರಿಸಿನಪುಡಿಯ, ಹಳದಿ. ಪಲ್ಲಕ್ಕಿ ಗಂಗಾಸ್ನಾನಕ್ಕೆ ಹೊನ್ನಕೆರೆಗೆ ಇಳಿಯುತ್ತದೆ, ‘ಏಳುಕೋಟಿ’ ಘೋಷ ಬಂಡೆಗೆ ಬಡಿದು ಮರಳುತ್ತದೆ, ಕಬ್ಬಿಣದ ಸರಪಳಿ ಹರಿಯುವ ಪವಾಡಕ್ಕೆ ಜನ ಕಿಕ್ಕಿರಿಯುತ್ತಾರೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿದೆ, ಒಳ್ಳೆಯದೇ ಆಯಿತು.

ಕಲ್ಲನ್ನೇ ನೋಡಬೇಕೆನ್ನುವವರು ಮಾತ್ರ ಜಾತ್ರೆ ಬಿಟ್ಟು ಬೇರೆ ದಿನ ಬರಲಿ, ಬಿಸಿಲೇರುವ ಮೊದಲು.