ಬಕೆಟ್ ಎತ್ತದೆ ಕಡಲ ನೀರು ಬದಲಿಸುವುದು

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ 680 ಲೀಟರ್ ಹಿಡಿಯುತ್ತದೆ. ಅದರ ಹತ್ತನೇ ಒಂದು ಪಾಲು ಬದಲಿಸಬೇಕೆಂದರೆ 68 ಲೀಟರ್ ಹೊರಗೆ ಹೋಗಬೇಕು, ಮತ್ತೆ 68 ಲೀಟರ್ ಒಳಗೆ ಬರಬೇಕು. ಉಪ್ಪು ಬೆರೆತ ನೀರು ಸಿಹಿನೀರಿಗಿಂತ ತುಸು ಭಾರ. ಎಪ್ಪತ್ತು ಕಿಲೋ ಎಂದೇ ಲೆಕ್ಕ ಹಿಡಿಯಿರಿ. ಇಪ್ಪತ್ತು ಲೀಟರಿನ ಬಕೆಟ್‌ನಲ್ಲಿ ಸುರಿಯುವುದಕ್ಕೆ ನಾಲ್ಕು ಸಲ, ತರುವುದಕ್ಕೆ ನಾಲ್ಕು ಸಲ. ಮೊದಲ ತಿಂಗಳ ಉತ್ಸಾಹದಲ್ಲಿ ಇದು ಭಾರ ಅನ್ನಿಸುವುದಿಲ್ಲ. ಆಮೇಲೆ ಒಂದು ಭಾನುವಾರ ಮದುವೆ, ಇನ್ನೊಂದು ಭಾನುವಾರ ಸೊಂಟ ನೋವು, ಮತ್ತೊಂದು ಭಾನುವಾರ ನಲ್ಲಿಯಲ್ಲಿ ನೀರೇ ಇಲ್ಲ. ನಾನು ಕಂಡ ಮಟ್ಟಿಗೆ ಕಡಲ ಮೀನಿನ ದೊಡ್ಡ ತೊಟ್ಟಿಗಳು ಕೆಡುವುದು ಹೀಗೆ ಒಂದೊಂದೇ ಭಾನುವಾರ ತಪ್ಪುತ್ತಾ ಹೋಗಿ. ಅದಕ್ಕೇ ತೊಟ್ಟಿ ಇಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟು: ದುಬಾರಿ ದೀಪ, ದುಬಾರಿ ಸ್ಕಿಮ್ಮರ್ ಎಲ್ಲ ಆಮೇಲಾಗಲಿ, ನೀರು ಹೋಗುವ ಬರುವ ದಾರಿಗೆ ಮೊದಲು ಹಣ ಹಾಕಿ.

ಈ ಹವ್ಯಾಸದ ಆರಂಭದಲ್ಲೂ ಇದೇ ಕಷ್ಟವಿತ್ತು. 1846ರಲ್ಲಿ ಆ್ಯನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದು ಸಾಕಿದರು. ಸಮುದ್ರದ ನೀರನ್ನು ಆಗಾಗ ತರಿಸಬೇಕಿತ್ತು. ಹೊಸ ನೀರು ಬರುವವರೆಗೆ ಹಳೆಯದಕ್ಕೆ ಗಾಳಿ ಬೆರೆಯಲೆಂದು ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸುರಿಯುತ್ತಿದ್ದಳು. ಎಂಟು ವರ್ಷದ ನಂತರ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಕೃತಕ ಸಮುದ್ರ ನೀರಿನ ಸೂತ್ರ ಪ್ರಕಟಿಸಿದ ಮೇಲೆ ಕಡಲಿನಿಂದ ದೂರವಿರುವ ಊರಿನವರಿಗೂ ದಾರಿಯಾಯಿತು. ಹತ್ತಿರದ ಕಡಲು ಇನ್ನೂರು ಕಿಲೋಮೀಟರಿಗೂ ಆಚೆ ಚೆನ್ನೈಯಲ್ಲಿರುವ, ಕೋಲಾರ ಚಿನ್ನದ ಗಣಿ ಪ್ರದೇಶದ ನಮ್ಮಂಥವರು ಇಂದು ಉಪ್ಪಿನ ಡಬ್ಬಿ ಬಿಚ್ಚಿ ಸಮುದ್ರ ಕಲಸುವುದು ಆ ದಾರಿಯಲ್ಲೇ. ಆದರೆ ಆ ಹೆಣ್ಣುಮಗಳ ತೋಳಿನ ಕೆಲಸ ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ಯಾರದೋ ತೋಳಿನ ಮೇಲೆಯೇ ಉಳಿದಿದೆ.

ನೀರೆತ್ತುವುದು ನಮ್ಮ ಗಣಿ ಪ್ರದೇಶಕ್ಕೆ ಹೊಸ ಮಾತಲ್ಲ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳ ಆಳದಲ್ಲಿ ಒಸರುವ ನೀರನ್ನು ಪಂಪಿನಲ್ಲಿ ಮೇಲೆ ತಂದು ಚೆಲ್ಲುತ್ತಿದ್ದರು. ಅದೇ ಹೊತ್ತಿಗೆ ಕುಡಿಯುವ ನೀರನ್ನು ಬೇತಮಂಗಲದಲ್ಲಿ ಪಾಲಾರ್ ನದಿಗೆ ಕಟ್ಟಿದ ಕೆರೆಯಿಂದ ತರಿಸಿಕೊಳ್ಳುತ್ತಿದ್ದರು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಪಂಪುಗಳು ನಿಂತು ಶಾಫ್ಟುಗಳೊಳಗೆ ನೀರು ಏರಿತು. ಮೇಲೆ ಬದುಕುವವರಿಗೆ ಮಾತ್ರ ಸಾವಿರ ಅಡಿ ದಾಟಿದ ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಗಿಲ್ಲ. ಇಂಥಲ್ಲಿ ನೀರು ಬದಲಿಸುವ ಸುಲಭೋಪಾಯ ಹುಡುಕುವವರು ನೀರು ಉಳಿಸುವ ಉಪಾಯವನ್ನೂ ಜೊತೆಗೇ ಹುಡುಕಬೇಕು. ಎರಡೂ ಒಂದೇ ಕಡೆ ಸಿಗುತ್ತವೆ ಎಂಬುದು ನನ್ನ ಅನುಭವ.

ನಮ್ಮ ಬೋರ್ ನೀರು ಗಡಸು ಎಂಬುದು ಪಾತ್ರೆ ತೊಳೆಯುವವರಿಗೆಲ್ಲ ಗೊತ್ತು. ತೊಟ್ಟಿಯವರಿಗೆ ಅದಕ್ಕಿಂತ ದೊಡ್ಡ ಚಿಂತೆ ನೈಟ್ರೇಟಿನದು. ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಅದು ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದೆ. ಮೀನಿನ ಹೊಲಸಿನಿಂದ ಕೂಡಿದ ನೈಟ್ರೇಟ್ ಇಳಿಸಲೆಂದೇ ನಾವು ನೀರು ಬದಲಿಸುವುದು. ನೈಟ್ರೇಟ್ ಇರುವ ನೀರನ್ನೇ ತಂದು ಹಾಕಿದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಹಾಗಾಗಿ ಆರ್‌ಓ ಬೇಕೇ ಬೇಕು, ಅದರ ನಂತರ, ಉಳಿದ ಲವಣ ಹೀರಲು, ಒಂದು ಡಿಐ ರೆಸಿನ್ ಕೊಳವೆಯೂ ಬೇಕು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಇಲ್ಲಿನ ನೀರಿಗೆ ಒಂದು ಲೀಟರ್ ಶುದ್ಧ ನೀರು ಇಳಿಯುವಷ್ಟರಲ್ಲಿ ಮೂರು ಲೀಟರ್ ಹೊರಹೋಗುವುದು ಸಾಮಾನ್ಯ. ಆ ಮೂರು ಲೀಟರನ್ನು ಚರಂಡಿಗೆ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಮೂಲ ನೀರಿಗಿಂತ ಮೂರನೇ ಒಂದರಷ್ಟು ಮಾತ್ರ ಹೆಚ್ಚು ಗಡಸು. ನೆಲ ಒರೆಸಲು, ಕಕ್ಕಸಿಗೆ, ಗಾಡಿ ತೊಳೆಯಲು ಧಾರಾಳವಾಗಿ ಸಾಕು. ಬೇರೆ ಡ್ರಮ್ಮಿಗೆ ಪೈಪು ಕೊಟ್ಟುಬಿಡಿ.

ಇನ್ನು ಎಷ್ಟು ಬದಲಿಸಬೇಕು? ವಾರಕ್ಕೆ ನೈಟ್ರೇಟ್ ಲೀಟರಿಗೆ 4 ಮಿಲಿಗ್ರಾಂ ಏರುವ ತೊಟ್ಟಿ ಎಂದುಕೊಳ್ಳಿ. ಪ್ರತಿ ವಾರ ಶೇ 10 ಬದಲಿಸಿದರೆ ಕಾಲಕ್ರಮದಲ್ಲಿ ಅದು 40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡು ವಾರಕ್ಕೊಮ್ಮೆ ಶೇ 20 ಬದಲಿಸಿದರೂ ನಿಲ್ಲುವುದು 40ರಲ್ಲೇ. ಎರಡು ವಾರಕ್ಕೊಮ್ಮೆ ಶೇ 10 ಮಾತ್ರವಾದರೆ 80ಕ್ಕೆ ಹೋಗುತ್ತದೆ. ಆದರೆ ಮೀನಿಗೆ ಹಾಕುವ ಆಹಾರ ಅರ್ಧಕ್ಕಿಳಿಸಿ, ಏರಿಕೆ ವಾರಕ್ಕೆ 2 ಆದರೆ, ಅದೇ ವಾರದ ಶೇ 10ರಲ್ಲಿ 20ಕ್ಕೆ ನಿಲ್ಲುತ್ತದೆ. ಒಂದು ಹನಿ ನೀರೂ ಹೆಚ್ಚು ಖರ್ಚಾಗಿಲ್ಲ. ನೀರಿಲ್ಲದ ಜಿಲ್ಲೆಯವರು ಕೈ ಬಿಗಿ ಹಿಡಿಯಬೇಕಾದ್ದು ಮೊದಲು ಆಹಾರದ ಡಬ್ಬಿಯಲ್ಲಿ.

ಇನ್ನೊಂದು ವಿಷಯ. ವಿದೇಶದ ಪುಸ್ತಕಗಳು ಹೇಳುವ ಬಿಗಿ ಲೆಕ್ಕಗಳು ಹೆಚ್ಚಾಗಿ ಹವಳದ ತೊಟ್ಟಿಗಳದು. ನಮ್ಮಲ್ಲಿ ಕಲ್ಲುಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ಪೂರ್ಣ ರಕ್ಷಣೆಯಿದೆ, ಕಡಲ್ಗುದುರೆಗೂ ಇದೆ; ಅವನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧ, ಆಗಬೇಕಾದ್ದೂ ಹಾಗೆಯೇ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮೊಟ್ಟೆಯಿಂದಲೇ ಬೆಳೆಸುವ ವಿಧಾನ ರೂಪಿಸಿದೆ. ಅಂಥ ಸಾಕಿದ ಮೀನುಗಳನ್ನೇ ಇಟ್ಟುಕೊಂಡರೆ ಮನಸ್ಸಿಗೂ ನೆಮ್ಮದಿ, ನೀರಿನ ಲೆಕ್ಕವೂ ಸಡಿಲ: ಮೀನು ಮಾತ್ರ ಇರುವ ತೊಟ್ಟಿ ನೈಟ್ರೇಟ್ 20ರಿಂದ 40ರೊಳಗಿದ್ದರೆ ಚೆನ್ನಾಗಿಯೇ ನಡೆಯುತ್ತದೆ.

ಈಗ ಪೈಪಿನ ಕೆಲಸಕ್ಕೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದೇ. ಮೆಟ್ಟಿಲ ಕೆಳಗೋ ಹಿತ್ತಲಿನ ನೆರಳಿನಲ್ಲೋ ಎರಡು 200 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ಇಡಿ. ಒಂದರಲ್ಲಿ ಆರ್‌ಓ ನೀರು, ಫ್ಲೋಟ್ ವಾಲ್ವ್ ಹಾಕಿ. ತುಂಬಿದಾಗ ತಾನೇ ನಿಲ್ಲಲಿ. ಇನ್ನೊಂದರಲ್ಲಿ ಉಪ್ಪು ನೀರು. ಎರಡನೆಯದರ ತಳದಲ್ಲಿ ಒಂದು ಪಂಪು. ಅದರ ಪೈಪಿಗೆ ಒಂದು ‘ಟಿ’, ಎರಡು ಬಾಲ್ ವಾಲ್ವ್. ಒಂದು ವಾಲ್ವ್ ತೆರೆದರೆ ನೀರು ಅದೇ ಡ್ರಮ್ಮಿಗೆ ಮರಳಿ ಬಿದ್ದು ಉಪ್ಪು ಕಲಕುತ್ತದೆ. ಅದನ್ನು ಮುಚ್ಚಿ ಇನ್ನೊಂದು ತೆರೆದರೆ ನೀರು ತೊಟ್ಟಿಯ ಕಡೆ ಹೋಗುತ್ತದೆ. ಕಲಸುವುದೂ ಸಾಗಿಸುವುದೂ ಒಂದೇ ಪಂಪು. ವಾಲ್ವ್ ಪಿವಿಸಿಯದೇ ಇರಲಿ. ರಾಬರ್ಟ್‌ಸನ್‌ಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಹಿತ್ತಾಳೆಯದು ಗಟ್ಟಿಮುಟ್ಟು ಎನಿಸಿದರೂ ಬೇಡ. ಉಪ್ಪು ನೀರಿಗೆ ಬಿಡುವ ಅದರ ತಾಮ್ರ ಸಿಗಡಿ, ಬಸವನಹುಳುಗಳಿಗೆ ವಿಷ. ಸಾಗಿಸುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ಮುಳುಗಿದ್ದರೆ ಕರೆಂಟು ಹೋದಾಗ ತೊಟ್ಟಿಯ ನೀರು ಡ್ರಮ್ಮಿಗೆ ಹಿಂದೆ ಸರಿಯುತ್ತದೆ.

ಹೊರಗೆ ಬಿಡುವುದಕ್ಕೆ ಬೇರೆ ಪಂಪು ಬೇಡ. ತೊಟ್ಟಿಯ ಕೆಳಗಿನ ಸಂಪಿನಿಂದ ನೀರನ್ನು ಮೇಲೆ ಕಳಿಸುವ ಪಂಪು ಇದ್ದೇ ಇದೆ. ಅದರ ಪೈಪಿಗೂ ಒಂದು ‘ಟಿ’ ಹಾಕಿ, ಒಂದು ಕವಲನ್ನು ಹೊರಕ್ಕೆ ಎಳೆದರಾಯಿತು. ಮೇಲಿನ ದಾರಿ ಮುಚ್ಚಿ ಹೊರದಾರಿ ತೆರೆದರೆ ಖಾಲಿಯಾಗುವುದು ಸಂಪು ಮಾತ್ರ; ಮೇಲಿನ ತೊಟ್ಟಿಯಲ್ಲಿ ಮಟ್ಟ ಒಂದೆರಡು ಬೆರಳು ಇಳಿದು ನಿಲ್ಲುತ್ತದೆ, ಮೀನಿಗೆ ಗಾಬರಿಯಿಲ್ಲ. ಸಂಪಿನ ಗಾಜಿನ ಮೇಲೆ 68 ಲೀಟರಿನ ಗೆರೆ ಎಳೆದಿಟ್ಟರೆ ಅಳೆಯುವ ಗೋಜೂ ಇಲ್ಲ. ಶುರು ಮಾಡುವ ಮುನ್ನ ಸಂಪಿನ ಹೀಟರ್ ಆರಿಸಿ, ಗಾಳಿಗೆ ತೆರೆದುಕೊಂಡರೆ ಒಡೆಯುತ್ತದೆ. ಆವಿಯಾದ ನೀರು ತುಂಬುವ ಆಟೋ ಟಾಪ್ ಅಪ್ ಕೂಡ ಮರೆಯದೆ ನಿಲ್ಲಿಸಿ. ಇಲ್ಲದಿದ್ದರೆ ಮಟ್ಟ ಇಳಿದದ್ದು ಕಂಡು ಅದು ಸಿಹಿನೀರು ಸುರಿಯತೊಡಗುತ್ತದೆ, ನೋಡನೋಡುತ್ತ ಉಪ್ಪಿನಂಶ ಕುಸಿಯುತ್ತದೆ.

68 ಲೀಟರಿಗೆ ಉಪ್ಪು ಸುಮಾರು ಎರಡೂವರೆ ಕಿಲೋ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ಕ್ಯಾಲ್ಸಿಯಂ ಬಿಳಿ ಹುಡಿಯಾಗಿ ತಳಕ್ಕಿಳಿಯುತ್ತದೆ. ಒಂದು ರಾತ್ರಿ ಕಲಕಲು ಬಿಟ್ಟು ಬೆಳಿಗ್ಗೆ ರಿಫ್ರಾಕ್ಟೋಮೀಟರಿನಲ್ಲಿ ಸಾವಿರಕ್ಕೆ 35 ಇದೆಯೇ ನೋಡಿ. ಡಿಸೆಂಬರಿನ ಚಳಿಯಲ್ಲಿ ಡ್ರಮ್ಮಿನೊಳಗೂ ಒಂದು ಹೀಟರ್ ಬೇಕು, ಹೊಸ ನೀರು ಹಳೆಯದಷ್ಟೇ ಬೆಚ್ಚಗಿರಬೇಕಲ್ಲ.

ಎರಡು ತಲೆಯ ಪೆರಿಸ್ಟಾಲ್ಟಿಕ್ ಪಂಪು ಇಟ್ಟು, ದಿನವಿಡೀ ಹನಿಹನಿಯಾಗಿ ಒಂದು ಕೊಳವೆಯಲ್ಲಿ ಹಳೆ ನೀರು ತೆಗೆದು ಇನ್ನೊಂದರಲ್ಲಿ ಹೊಸದು ಹಾಕುವವರಿದ್ದಾರೆ. ಹೊಸ ನೀರಿನ ಒಂದಿಷ್ಟು ಪಾಲು ಹಳೆಯದರ ಜೊತೆ ಹೊರಗೆ ಹೋಗುವುದರಿಂದ ನಷ್ಟವಾಗುತ್ತದೆ ಎಂಬ ಆಕ್ಷೇಪ ದೊಡ್ಡದಲ್ಲ: ಒಟ್ಟು ಶೇ 10 ಹರಿಸಿದರೆ ನಿಜವಾಗಿ ಬದಲಾಗುವುದು ಶೇ 9.5. ನನ್ನ ಆಕ್ಷೇಪ ಬೇರೆ. ಒಂದು ಕೊಳವೆ ಸವೆದು ಎರಡರ ಹರಿವು ಬೇರೆಯಾದರೆ ಉಪ್ಪಿನಂಶ ಸದ್ದಿಲ್ಲದೆ ಜಾರುತ್ತದೆ. ವಾರಕ್ಕೊಮ್ಮೆ ಅಳೆಯುವ ಶಿಸ್ತು ಇರುವವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ಕೊನೆಗೆ ಹೊರಬಿಟ್ಟ ಉಪ್ಪು ನೀರು. ಪ್ರತಿ ಸಲ ಎರಡೂವರೆ ಕಿಲೋ ಉಪ್ಪು ಎಂದರೆ ಹುಡುಗಾಟವಲ್ಲ. ಗಿಡದ ಬುಡಕ್ಕೆ ಬೇಡ, ಬೋರ್ ಪಕ್ಕದ ಇಂಗುಗುಂಡಿಗಂತೂ ಬೇಡವೇ ಬೇಡ. ಕೆಳಗಿರುವುದು ನಾಳೆ ಯಾರೋ ಕುಡಿಯುವ ನೀರು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ತಾರಸಿಯ ಮೇಲೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಪ್ಪು ಹಾಳೆಯ ತಟ್ಟೆ ಮಾಡಿ ಸಂಪಿನ ಹೊರದಾರಿಯ ಪೈಪನ್ನು ಅಲ್ಲಿಗೇ ಒಯ್ದರೆ 68 ಲೀಟರ್ ಮೂರೂವರೆ ಸೆಂಟಿಮೀಟರ್ ಆಳ ನಿಲ್ಲುತ್ತದೆ. ಬೇಸಿಗೆಯಲ್ಲಿ ವಾರದೊಳಗೆ ಬಹುಪಾಲು ಆರುತ್ತದೆ. ಮೆಗ್ನೀಸಿಯಂ ಲವಣ ತೇವ ಹಿಡಿಯುವುದರಿಂದ ಪೂರ್ತಿ ಒಣಗುವುದಿಲ್ಲ, ಒದ್ದೆ ಉಪ್ಪನ್ನು ಬಳಿದು ಚೀಲಕ್ಕೆ ತುಂಬಬಹುದು. ತಾರಸಿಯವರೆಗೆ ಏರಿಸುವಷ್ಟು ಬಲ ಸಂಪಿನ ಪಂಪಿಗೆ ಇದೆಯೇ ಎಂದು ಮಾತ್ರ ಕೊಳ್ಳುವಾಗಲೇ ವಿಚಾರಿಸಿ. ಮಳೆಗಾಲದಲ್ಲಿ ಈ ಉಪಾಯ ನಡೆಯುವುದಿಲ್ಲ. ಆ ತಿಂಗಳುಗಳಲ್ಲಿ ಆಹಾರ ಇನ್ನಷ್ಟು ತಗ್ಗಿಸಿ, ಬದಲಾವಣೆಯನ್ನು ಕನಿಷ್ಠಕ್ಕೆ ಇಳಿಸಿ, ಹಳೆ ನೀರನ್ನು ಮೂರನೇ ಡ್ರಮ್ಮಿನಲ್ಲಿ ಮುಚ್ಚಿಟ್ಟು ಬಿಸಿಲು ಮರಳಿದ ಮೇಲೆ ತಟ್ಟೆಗೆ ಬಿಡಬೇಕು.