ಅಮೃತಮತಿಯೂ ಅವಳ ಕೇಳುಗರೂ

ಅಪರಾಧಿಯೊಬ್ಬನು ಕಾವ್ಯದಲ್ಲಾಗಲಿ ರಂಗದಲ್ಲಾಗಲಿ ಪ್ರಧಾನಪಾತ್ರವಾಗಿ ಬಂದರೆ ನಮ್ಮ ಸಹೃದಯರು ಕಂಗೆಡುವುದಿಲ್ಲ. ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಮರುಕದಿಂದ ಕಾಣುವ ಅಭ್ಯಾಸ ಕನ್ನಡಿಗರಿಗೆ ಶತಮಾನಗಳಿಂದ ಇದೆ. ಅಪರಾಧ ಮಾಡಿದವಳು ಹೆಣ್ಣಾಗಿ, ಅವಳು ಪಶ್ಚಾತ್ತಾಪಪಡದೆ, ನಮ್ಮ ಮೆಚ್ಚಿಗೆಯನ್ನೂ ಬೇಡದೆ ನಿಂತಾಗ ಮಾತ್ರ ಈ ಔದಾರ್ಯ ತಡವರಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಜನ್ನನ ಅಮೃತಮತಿ. ಅವಳನ್ನು ಕುರಿತು ಕೇಳುಗರಲ್ಲಿ ಹುಟ್ಟುವ ಭಾವಗಳನ್ನು ಪರಿಶೀಲಿಸಿ, ಆ ಭಾವಗಳಿಗೆ ಕಾವ್ಯವೇ ಏನಾದರೂ ಉತ್ತರ ಕೊಟ್ಟಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಸೋಮದೇವ, ವಾದಿರಾಜರು ಸಂಸ್ಕೃತದಲ್ಲಿ ಹೇಳಿದ್ದ ಜೈನಕಥೆಯನ್ನು ಜನ್ನನು ೧೨೦೯ರಲ್ಲಿ 'ಯಶೋಧರ ಚರಿತೆ'ಯಾಗಿ ಕನ್ನಡಕ್ಕೆ ತಂದನು. ಕಥೆ ವಾಚಕರಿಗೆ ತಿಳಿದದ್ದೇ. ಉಜ್ಜಯಿನಿಯ ಅರಸಿ ಅಮೃತಮತಿ ನಸುಕಿನಲ್ಲಿ ಕೇಳಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಕುರೂಪಿ ಮಾವುತ. ಒಂದಿರುಳು ಯಶೋಧರನು ಅವಳನ್ನು ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿಯೆತ್ತಿದವನು ತನ್ನನ್ನು ತಾನೇ ತಡೆದುಕೊಂಡು ಹಿಂತಿರುಗುತ್ತಾನೆ. ಕೆಟ್ಟ ಕನಸೊಂದನ್ನು ಕಂಡೆನೆಂದು ತಾಯಿ ಚಂದ್ರಮತಿಗೆ ನೆಪ ಹೇಳುತ್ತಾನೆ. ಅವಳು ಶಾಂತಿಗಾಗಿ ಬಲಿ ಕೊಡಬೇಕೆನ್ನುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಕಡಿಯುವುದೆಂದು ತೀರ್ಮಾನವಾಗುತ್ತದೆ. ಕಡಿದಾಗ ಆ ಕೋಳಿ ಕೂಗುತ್ತದೆ. ಇತ್ತ ಅಮೃತಮತಿ ಗಂಡನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ವಿಷವಿಕ್ಕಿ ಕೊಲ್ಲುತ್ತಾಳೆ.

ವಾಶಿಯ ನಮ್ಮ ಪುಟ್ಟ ಓದುಕೂಟದಲ್ಲಿ ಈ ಕಾವ್ಯವನ್ನು ಹಲವು ವಾರಗಳ ಕಾಲ ಓದಿದಾಗ ಮೂರು ಬಗೆಯ ಅಭಿಪ್ರಾಯಗಳು ಕೇಳಿಬಂದವು. ಹಿರಿಯರೊಬ್ಬರು, ಇಂಥವಳ ಕಥೆಯನ್ನು ಮನೆಮಂದಿಯ ನಡುವೆ ಕುಳಿತು ಕೇಳುವುದು ಹೇಗೆಂದು ಮುಂದಿನ ವಾರದಿಂದ ಬರುವುದನ್ನೇ ನಿಲ್ಲಿಸಿದರು. ಅಧ್ಯಾಪಕಿಯೊಬ್ಬರು, ಅವಳ ಒಲವನ್ನು ಅಷ್ಟು ಚೆನ್ನಾಗಿ ಹೇಳಿದ ಕವಿ ಕೊನೆಗೆ ಅವಳ ಕೈಗೆ ವಿಷ ಕೊಟ್ಟದ್ದು ಅನ್ಯಾಯವೆಂದರು. ಇನ್ನೊಬ್ಬರು, ಮೊದಲರ್ಧದ ಪ್ರೇಮಿಕೆಗೂ ಕೊನೆಯ ಕೊಲೆಗಾತಿಗೂ ಹೊಂದಿಕೆಯೇ ಇಲ್ಲ, ಪಾತ್ರ ಎರಡಾಗಿ ಸೀಳಿದೆ ಎಂದರು. ಓದು ಮುಗಿದು ರೈಲುನಿಲ್ದಾಣದವರೆಗೆ ನಡೆಯುವಾಗಲೂ ಈ ವಾದ ಮುಗಿಯುತ್ತಿರಲಿಲ್ಲ. ಮೂವರ ಮಾತೂ ಬೇರೆಬೇರೆ. ಆದರೆ ಮೂವರಿಗೂ ಅವಳನ್ನು ಮೆಚ್ಚಬಹುದೇ ಕೂಡದೇ ಎಂಬುದು ಮೊದಲು ತೀರ್ಮಾನವಾಗಬೇಕಾಗಿತ್ತು.

ಪಾತ್ರ ಸೀಳಿದೆಯೆಂಬ ಆಕ್ಷೇಪವನ್ನು ಮೊದಲು ನೋಡೋಣ. ಮಾವುತನ ರೂಪವನ್ನು ಕಂಡು ಹೇಸಿದ ಕೆಳದಿಗೆ ಅಮೃತಮತಿ, ಒಲವು ಹುಟ್ಟಿದ ಮೇಲೆ ರೂಪದ ಗೊಡವೆಯೇಕೆಂಬ ಅರ್ಥದ ಉತ್ತರ ಕೊಡುತ್ತಾಳೆ. ತಡವಾಗಿ ಬಂದಳೆಂದು ಮಾವುತನು ಹೊಡೆದಾಗ ಅವನನ್ನು ಓಲೈಸುತ್ತ, ನಿನ್ನನ್ನುಳಿದ ಗಂಡಸರೆಲ್ಲ ನನಗೆ ಒಡಹುಟ್ಟಿದವರಂತೆ ಎನ್ನುತ್ತಾಳೆ. ಇದು ಪತಿವ್ರತೆಯ ಭಾಷೆ. ಅದನ್ನು ಆಡುತ್ತಿರುವವಳು ಗಂಡನ ಮಗ್ಗುಲಿನಿಂದ ಎದ್ದು ಬಂದವಳು. ಅವಳ ನಿಷ್ಠೆಗೆ ಕೊರತೆಯಿಲ್ಲ, ಅದು ಒಬ್ಬನಲ್ಲಿ ನೆಟ್ಟು ಉಳಿದ ಲೋಕಕ್ಕೆ ಕುರುಡಾಗಿದೆ. ತನ್ನ ಗುಟ್ಟು ಗಂಡನಿಗೆ ತಿಳಿದಿದೆಯೆಂದು ಊಹಿಸಿದೊಡನೆ ಅಂಥ ಮನಸ್ಸು ವಿಷಕ್ಕೆ ಕೈಚಾಚುವುದರಲ್ಲಿ ಅಸಂಗತವಾದುದು ಏನೂ ಇಲ್ಲ. ಪಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ. ಬದಲಾದದ್ದು ನಮ್ಮ ಸಹನೆ.

ಈ ಸಹನೆಯನ್ನು ನಾವು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದಿಲ್ಲವೆಂಬುದಕ್ಕೆ ಜನ್ನನ ಇನ್ನೊಂದು ಕೃತಿಯೇ ಸಾಕ್ಷಿ. ೧೨೩೦ರ 'ಅನಂತನಾಥ ಪುರಾಣ'ದಲ್ಲಿ ಚಂಡಶಾಸನನು ಮಿತ್ರ ವಸುಷೇಣನ ಮಡದಿ ಸುನಂದೆಯನ್ನು ಕದ್ದೊಯ್ಯುತ್ತಾನೆ. ಅವಳ ಮನಸ್ಸನ್ನು ಮುರಿಯಲು ಅವಳ ಗಂಡನದೆಂದು ಸುಳ್ಳು ತಲೆಯೊಂದನ್ನು ತೋರಿಸುತ್ತಾನೆ. ಅದನ್ನು ಕಂಡು ಅವಳು ಪ್ರಾಣ ಬಿಡುತ್ತಾಳೆ. ಮಿತ್ರದ್ರೋಹ, ಅಪಹರಣ, ವಂಚನೆ, ಒಂದು ಸಾವು: ಇಷ್ಟೂ ಅವನ ಲೆಕ್ಕದಲ್ಲಿವೆ. ಆದರೂ ಅವನು ಅವಳ ಚಿತೆಯನ್ನೇರಿದನೆಂಬ ಒಂದೇ ಕಾರಣಕ್ಕೆ ಓದುಗರ ಕಣ್ಣು ತೇವವಾಗುತ್ತದೆ. ಟಿ. ಆರ್. ಎಸ್. ಶರ್ಮಾ ಅವರು ೧೯೯೪ರಲ್ಲಿ ಈ ಪ್ರಸಂಗವನ್ನು ಇಂಗ್ಲಿಷಿಗೆ ತಂದರು. ಅಮೃತಮತಿಯೂ ಅದೇ ಕವಿಯ ಸೃಷ್ಟಿ, ಅದೇ ಅತಿಕಾಮದ ಚಿತ್ರ. ಅವಳಿಗೆ ಮಾತ್ರ ನಮ್ಮ ಕಣ್ಣೀರಿಲ್ಲ.

ಅನುಚಿತವಾದ ರತಿಯನ್ನು ನಮ್ಮ ಆಲಂಕಾರಿಕರು ರಸಾಭಾಸವೆಂದು ಕರೆದರು. ಸೀತೆಯಲ್ಲಿ ರಾವಣನಿಟ್ಟ ಅನುರಾಗವನ್ನು ಅಭಿನವಗುಪ್ತನು ಉದಾಹರಿಸಿ, ಆಸ್ವಾದದ ಕ್ಷಣದಲ್ಲಿ ಅದು ಶೃಂಗಾರವೆಂದೇ ತೋರುತ್ತದೆ, ಆಭಾಸವೆಂಬ ಅರಿವು ಆಮೇಲಿನದು ಎಂಬ ಸೂಕ್ಷ್ಮವನ್ನು ತಿಳಿಸಿದ್ದಾನೆ. ಕಪ್ಪೆಚಿಪ್ಪು ಬೆಳ್ಳಿಯಾಗಿ ಹೊಳೆದು ಅನಂತರ ಚಿಪ್ಪೆಂದು ತಿಳಿಯುವ ಹಾಗೆ ಇದು. ಓದುಕೂಟ ಬಿಟ್ಟ ಹಿರಿಯರು ಹೇಸಿದ್ದು ಅಮೃತಮತಿಗೆ ಮಾತ್ರವಲ್ಲವೆಂದು ನನಗೆ ತೋರುತ್ತದೆ. ನಸುಕಿನ ಹಾಡಿಗೆ ಅವಳೊಡನೆ ತಾವೂ ತಲೆದೂಗಿದ್ದರಲ್ಲ, ಆ ನೆನಪು ಅವರನ್ನು ಕಾಡಿರಬೇಕು.

ಅಧ್ಯಾಪಕಿಯವರ ಆಕ್ಷೇಪಕ್ಕೆ ಆಧುನಿಕ ರಂಗಭೂಮಿ ಒಂದು ಉತ್ತರ ಕೊಟ್ಟಿದೆ. ನಮಗೆ ಹತ್ತಿರದ ಮಾಥೇರಾನಿನಲ್ಲಿ ೧೯೩೮ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರು ಇದೇ ಕಥೆಯಿಂದ 'ಹಿಟ್ಟಿನ ಹುಂಜ' (೧೯೮೦) ನಾಟಕವನ್ನು ರಚಿಸಿದರು. ಅದರ ಇಂಗ್ಲಿಷ್ ರೂಪ ೨೦೦೨ರಲ್ಲಿ ಲೆಸ್ಟರ್ ನಗರದಲ್ಲಿ ರಂಗಕ್ಕೆ ಬಂತು. ಅಲ್ಲಿ ರಾಣಿ ಜೈನಳು. ಅವಳಿಗಾಗಿ ರಾಜನು ಹುಟ್ಟಿನ ಧರ್ಮವನ್ನು ಬಿಟ್ಟವನು. ಅತ್ತೆಯ ಬಲಿಯ ನಂಬಿಕೆಗೂ ಸೊಸೆಯ ಅಹಿಂಸೆಗೂ ಮನೆಯೊಳಗೇ ತಿಕ್ಕಾಟ. ಒಂದಿರುಳಿನಲ್ಲಿ ಮುಗಿಯುವ ಈ ನಾಟಕದಲ್ಲಿ ವಿಷದ ಊಟವಿಲ್ಲ. ಪಾಪದ ಹೊರೆ ಹಿಟ್ಟಿನ ಹುಂಜದ ಮೇಲೆ, ಎಂದರೆ ಕೈಯಿಂದ ಮಾಡದೆ ಮನಸ್ಸಿನಲ್ಲಿ ಮಾಡುವ ಹಿಂಸೆಯ ಮೇಲೆ ಬೀಳುತ್ತದೆ. ನಾಟಕವಾಗಿ ಇದು ಬಿಗಿಯಾದ, ಗಂಭೀರವಾದ ಕೃತಿ. ಆದರೆ ಒಂದು ಬೆಲೆಯನ್ನು ತೆತ್ತೇ ಇದು ಸಾಧ್ಯವಾಗಿದೆ: ಪ್ರೇಕ್ಷಕನು ಈಗ ರಾಣಿಯೊಡನೆ ನಿಲ್ಲಬಲ್ಲನು, ಏಕೆಂದರೆ ಅವಳು ಯಾರನ್ನೂ ಕೊಂದಿಲ್ಲ. ಕೊಂದವಳ ಮಾತನ್ನೂ ಕೇಳಬಲ್ಲೆವೇ ಎಂಬ ಜನ್ನನ ಕಠಿಣವಾದ ಪರೀಕ್ಷೆಯಿಂದ ನಮಗೆ ಬಿಡುಗಡೆ ದೊರೆತಿದೆ.

ಮೆಚ್ಚಿಗೆಯೇ ತೀರ್ಪಾದರೆ ಏನಾಗುವುದೆಂಬುದನ್ನು ಈ ಮುಂಬಯಿ ಕಾವ್ಯದ ಹೊರಗೂ ಕಂಡಿದೆ. ೧೯೫೯ರ ನಾನಾವತಿ ಮೊಕದ್ದಮೆಯಲ್ಲಿ ಹೆಂಡತಿಯ ಪ್ರಿಯನನ್ನು ಗುಂಡಿಟ್ಟು ಕೊಂದ ನೌಕಾಧಿಕಾರಿಯನ್ನು ಜನ ವೀರನಂತೆ ಕೊಂಡಾಡಿದರು. ಪಂಚರಲ್ಲಿ ಎಂಟು ಮಂದಿ ನಿರಪರಾಧಿಯೆಂದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಆ ತೀರ್ಪನ್ನು ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ೧೯೬೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಷ್ಟವಾದವನ ಕೊಲೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ಇಷ್ಟವಾಗದವಳ ಮಾತು ಕಿವಿಗೇ ಬೀಳುವುದಿಲ್ಲ.

ಇನ್ನು ಜನ್ನನ ಕಾವ್ಯದ ಒಳಗಟ್ಟನ್ನು ನೋಡಬೇಕು. ಈ ಕಥೆಯನ್ನು ಹೇಳುವವನು ಅಭಯರುಚಿ. ಹಿಂದೆ ಯಶೋಧರನಾಗಿದ್ದವನೇ ಅವನು. ಎಂದರೆ ಕೊಲೆಯಾದವನೇ ಕೊಲೆಗಾತಿಯ ಕಥೆಯನ್ನು ಹೇಳುತ್ತಿದ್ದಾನೆ. ನಮಗೆ ಸಿಕ್ಕಿರುವುದು ಒಂದೇ ಪಕ್ಷದ ಸಾಕ್ಷ್ಯ. ಹೀಗಿದ್ದೂ ಕೆಳದಿಯೊಡನೆ ಅವಳು ಏಕಾಂತದಲ್ಲಿ ಆಡಿದ, ಲೋಕರೀತಿಯಿಂದ ಗಂಡನು ಕೇಳಲಾರದಿದ್ದ ಮಾತನ್ನು ಕವಿ ನಮಗೆ ಕೇಳಿಸಿದ್ದಾನೆ. ಮರುದಿನ ಅರಸನು ನೈದಿಲೆಯಿಂದ ಮೆಲ್ಲಗೆ ಹೊಡೆದಾಗ ಮೂರ್ಛೆ ನಟಿಸಿದ ಅವಳ ಕಪಟವನ್ನೂ ಮರೆಮಾಡಿಲ್ಲ. ಅವಳನ್ನು ಬಿಡಿಸಲೆಂದೂ ಹಳಿಯಲೆಂದೂ ಅಲ್ಲ, ಪೂರ್ತಿಯಾಗಿ ತೋರಿಸಲೆಂದು ಕವಿ ಇದನ್ನು ಮಾಡಿದ್ದಾನೆ.

ಕಾವ್ಯದ ಪಾಪದ ಲೆಕ್ಕವೂ ನಮ್ಮ ಲೆಕ್ಕಕ್ಕಿಂತ ಬೇರೆ. ಅಮೃತಮತಿ ರೋಗದಿಂದ ನವೆದು ನರಕಕ್ಕೆ ಹೋಗುತ್ತಾಳೆ, ನಿಜ. ಆದರೆ ಕವಿ ಹೆಜ್ಜೆಹೆಜ್ಜೆಯಾಗಿ ವಿಸ್ತರಿಸುವುದು ಹಿಟ್ಟಿನ ಕೋಳಿಯನ್ನು ಕಡಿದ ತಾಯಿಮಗನ ದುಃಖವನ್ನು. ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಕೊಲೆಗೀಡಾಗುವವರು ನಮಗೆ ಇಷ್ಟವಾದವರೇ.

ಈ ಅಪರಾಧಕಥೆಯ ಮೊದಲ ಕೇಳುಗನು ಮಾರಿದತ್ತ. ಚಂಡಮಾರಿಯ ಗುಡಿಯಲ್ಲಿ ಅಭಯರುಚಿ, ಅಭಯಮತಿಯರನ್ನು ಬಲಿ ಕೊಡಲು ಕತ್ತಿ ಹಿಡಿದು ನಿಂತ ಅರಸನವನು. ಕಥೆಯನ್ನು ಕೇಳಿ ಮುಗಿಸಿದಾಗ ಅವನು ಅಮೃತಮತಿ ಎಂಥವಳೆಂಬ ಚರ್ಚೆಗೆ ತೊಡಗುವುದಿಲ್ಲ. ತನ್ನ ಕೈಯ ಕತ್ತಿಯ ಕಡೆಗೆ ಅವನ ಮನಸ್ಸು ತಿರುಗುತ್ತದೆ. ಬಲಿಯನ್ನು ಬಿಟ್ಟು ವೈರಾಗ್ಯದ ದಾರಿ ಹಿಡಿಯುತ್ತಾನೆ. ಕವಿ ಕಾವ್ಯದೊಳಗೇ ಇಟ್ಟಿರುವ ಆದರ್ಶ ಸಹೃದಯನು ಇವನು.

ಹೊರನಾಡಿನ ನಮ್ಮ ರಂಗತಂಡಗಳಲ್ಲಿ ಯಾವುದಾದರೂ ಈ ಕಥೆಯನ್ನು ಜನ್ನನಿಂದಲೇ ನೇರವಾಗಿ ರಂಗಕ್ಕೆ ತರಲು ಹೊರಟರೆ ನನ್ನ ಅರಿಕೆಯಿಷ್ಟೆ: ವಿಷವನ್ನು ತೆಗೆಯಬೇಡಿರಿ, ಮಾರಿದತ್ತನನ್ನೂ ಬಿಡಬೇಡಿರಿ. ಅಮೃತಮತಿ ಪ್ರೇಕ್ಷಕರಿಗೆ ಪ್ರಿಯಳಾಗದಿದ್ದರೆ ನಾಟಕ ಸೋತಂತಲ್ಲ. ಅವಳನ್ನು ಕೇಳಿಸಿಕೊಂಡ ಅರಸನೊಬ್ಬನು ಎತ್ತಿದ ಕತ್ತಿಯನ್ನು ಇಳಿಸಿದನೆಂಬುದನ್ನು ಅವರು ಕಂಡು ಮನೆಗೆ ಹೋದರೆ ಜನ್ನನ ಕಾವ್ಯ ಅವರನ್ನು ಮುಟ್ಟಿದಂತೆಯೇ ಸರಿ.