ಕುನ್ನಿ ಕೊಳ್ಳುವವರ ಕಣ್ಣು

ಮುಧೋಳ ನಾಯಿಯ ಹೆಸರಿಗೆ ಈಗ ಯಾವ ಕೊರತೆಯೂ ಇಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಐದನೇ ಜಾರ್ಜ್ ದೊರೆಗೆ ಇದನ್ನು ಕಾಣಿಕೆ ಕೊಟ್ಟ ಕಥೆ ಹಳೆಯದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮೀರತ್‌ನ ಸೇನಾ ತರಬೇತಿಗೆ ಹೋಯಿತು, 2020ರ ಆಗಸ್ಟಿನಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲೂ ಕೇಳಿಬಂತು. ಹೆಸರು ಬೆಳೆದಷ್ಟು ಕೊಳ್ಳುವವರ ಕಣ್ಣು ಬೆಳೆದಿಲ್ಲ ಎಂಬುದೇ ನನ್ನ ತಕರಾರು.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಈ ನಾಯಿಗಳು ಹೆಚ್ಚಾಗಿ ಇರುವುದು ಒಕ್ಕಲುತನದ ಮನೆಗಳಲ್ಲಿ. ಅಲ್ಲಿಗೆ ದೂರದೂರಿನ ಕಾರು ಬಂದು ನಿಂತರೆ ಮೊದಲ ಪ್ರಶ್ನೆ, “ಜಾತಿ ಪಕ್ಕಾ ಐತೇನ್ರಿ?” ಎರಡನೆಯದು ಬಣ್ಣದ್ದು, ಮೂರನೆಯದು ರೊಕ್ಕದ್ದು. “ಇದರ ತಾಯಿ ಎಲ್ಲೈತ್ರಿ?” ಎಂದು ಕೇಳುವವರು ಅಪರೂಪ. ನೂಲಿನಂತೆ ಸೀರೆ ಎಂಬ ಮಾತನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಹೇಳಿಕೊಡಬೇಕಿಲ್ಲ. ನಾಯಿ ಕೊಳ್ಳಲು ಬಂದವರಿಗೆ ಹೇಳಿಕೊಡಬೇಕಾಗಿದೆ. ತಾಯಿ ಅಂಜುಬುರುಕಿಯೋ, ಮೈಯೆಲ್ಲ ಉಣ್ಣೆಯೋ, ವರ್ಷಕ್ಕೆರಡು ಸೂಲು ಹೆತ್ತು ಸೊರಗಿದೆಯೋ ಎಂಬುದು ಜಾತಿಯ ಕಾಗದಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ತಪ್ಪು ಎಣಿಕೆ ಹೊಟ್ಟೆಯದು. ದೊಡ್ಡ ಮುಧೋಳ ನಾಯಿಯ ಪಕ್ಕೆಲುಬು ಒಂದಿಷ್ಟು ಕಾಣುವುದು ಸಹಜ. ಆಳವಾದ ಎದೆ, ಒಳಗೆಳೆದ ಹೊಟ್ಟೆ ಅದರ ಮೈಕಟ್ಟು. ಅದನ್ನು ನೋಡಿ “ಉಪವಾಸ ಕೆಡವ್ಯಾರ” ಎಂದು ಮರುಗುವವರೇ ಗುಡಾಣದಂಥ ಹೊಟ್ಟೆಯ ಕುನ್ನಿಯನ್ನು ಎತ್ತಿಕೊಂಡು “ಇದು ಚೆಂದ ಉಂಡೈತಿ” ಎನ್ನುತ್ತಾರೆ. ಬೆನ್ನೆಲುಬು ಕೈಗೆ ಸಿಗುತ್ತದೆ, ಕೂದಲು ಒರಟು, ಹೊಟ್ಟೆ ಮಾತ್ರ ಉಬ್ಬಿದೆ: ಅದು ಬಹುಮಟ್ಟಿಗೆ ಜಂತುಹುಳು. ತುಟಿ ಎತ್ತಿ ಒಸಡು ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಗುಲಾಬಿ ಇದ್ದರೆ ಸರಿ; ಬಿಳಿಚಿದ್ದರೆ ಕೊಕ್ಕೆಹುಳುವೋ ಉಣ್ಣೆಯೋ ರಕ್ತ ಹೀರಿದೆ ಎಂಬ ಅನುಮಾನ ಬರಬೇಕು.

ಓಡಿಬಂದು ಮಡಿಲೇರುವ ಕುನ್ನಿಯನ್ನೇ ಆರಿಸಿ ಎಂಬ ಸಲಹೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಬೋಸ್ಟನ್ ಟೆರಿಯರ್‌ನಂಥ ಮಡಿಲಿನ ನಾಯಿಗೆ ಅದು ಸರಿ. ಅಲ್ಲಿ ನಿಜವಾಗಿ ಪರೀಕ್ಷಿಸಬೇಕಾದದ್ದು ಚಪ್ಪಟೆ ಮೂತಿಯ ಉಸಿರಾಟ, ಉಬ್ಬುಗಣ್ಣು, ಬಿಳುಪು ಹೆಚ್ಚಿದ್ದರೆ ಕಿವಿ. ಮುಧೋಳಕ್ಕೆ ಉದ್ದ ಮೂತಿ. ಬಾಗಲಕೋಟೆ ಜಿಲ್ಲೆಯ ಬೇಸಿಗೆಯನ್ನು ತಾಳುವ ಉಸಿರು ಅದಕ್ಕಿದೆ. ಆದರೆ ಹೊಸಬರು ಮೈಮುಟ್ಟುವುದು ಅದರ ಸ್ವಭಾವಕ್ಕೆ ಒಗ್ಗದು. ನಾಲ್ಕು ಹೆಜ್ಜೆ ದೂರ ನಿಂತು, ತಲೆ ಎತ್ತಿ ನಿಮ್ಮನ್ನೇ ಅಳೆಯುವ ಕುನ್ನಿ ಪುಕ್ಕಲಲ್ಲ. ಮೂಲೆ ಸೇರಿ ನಡುಗುವುದು ಬೇರೆ ಮಾತು.

ನನಗೆ ಎಲ್ಲಕ್ಕಿಂತ ಕೆಟ್ಟದೆನಿಸುವುದು ಅವಸರ. ಕಣ್ಣು ಬಿಟ್ಟು ವಾರ ಎರಡು ವಾರ ಆಗಿರುತ್ತದೆ, ಅಷ್ಟರಲ್ಲೇ ಮುಂಗಡ. ತಿಂಗಳು ತುಂಬಿದರೆ ಚೀಲದೊಳಗೆ ಪ್ರಯಾಣ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಇದು ಬರೀ ಸರಕಾರಿ ಕಟ್ಟಳೆಯಲ್ಲ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಆ ವಾರಗಳಲ್ಲೇ ಇಳಿಯುತ್ತಿರುತ್ತದೆ, ಲಸಿಕೆ ಇನ್ನೂ ಬಿದ್ದಿರುವುದಿಲ್ಲ. ಪಾರ್ವೊ ಸೋಂಕು ತಗುಲಿದ ಮೇಲೆ ರೋಗ ಕಾಣಿಸಲು ಹಲವು ದಿನ ಹಿಡಿಯುತ್ತದೆ. ಹೀಗಾಗಿ ಮಾರುವವನ ಅಂಗಳದಲ್ಲಿ ಜಿಗಿದಾಡಿದ ಕುನ್ನಿ ಕೊಂಡವನ ಮನೆಯಲ್ಲಿ ರಕ್ತಭೇದಿಗೆ ಬೀಳುತ್ತದೆ. ಆಮೇಲೆ ಜಗಳ, “ಇಲ್ಲಿ ಇದ್ದಾಗ ಛಲೋ ಇತ್ತ್ರಿ.” ಹಲವು ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಸಾಕುವವರನ್ನಷ್ಟೇ ದೂರಿ ಫಲವಿಲ್ಲ. ಬೇಗ ಬೇಕು, ಇಂಥದೇ ಬಣ್ಣ ಬೇಕು ಎಂದು ಕೊಳ್ಳುವವನು ಹಟ ಹಿಡಿದರೆ, ಆ ಬಣ್ಣದ ಒಂದೇ ಗಂಡಿಗೆ ಅದರ ಮಗಳನ್ನೂ ಕೂಡಿಸುವ ಆಸೆ ಹುಟ್ಟುತ್ತದೆ. ಅದೇ ನಿಯಮದಲ್ಲಿ ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು, ಜೀವಮಾನದಲ್ಲಿ ಐದು ಸೂಲು ಮೀರಬಾರದು ಎಂದಿದೆ. ಎಷ್ಟನೆಯ ಸೂಲು, ಗಂಡು ಯಾರ ಮನೆಯದು, ಹುಳದ ಔಷಧ ಯಾವ ದಿನ ಹಾಕಿದ್ದು ಎಂದು ಕೇಳಿದಾಗ ನೋಟ್‌ಬುಕ್ ತೆಗೆದು ತೋರಿಸುವವನಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅವನು ಇನ್ನೂ ಮೂರು ವಾರ ಬಿಟ್ಟು ಬರ್ರಿ ಎಂದರೆ ಬರಿಗೈಯಲ್ಲಿ ಮರಳಿ, ಮತ್ತೆ ಬರಬೇಕು.